ಹಾಡಿನ ಮನೆಯಲ್ಲಿ ಅತಿಥಿ ಯಾರು?

ಕಡೂರಿನಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿದರೆ ಮೊದಲು ಬೀರೂರು ಸಿಗುತ್ತದೆ. ಅಲ್ಲಿ ಹಳಿ ಕವಲೊಡೆಯುತ್ತದೆ. ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ. ಮೂರು ವರ್ಷಗಳಿಂದ ನನ್ನ ಓಡಾಟವೆಲ್ಲ ಈ ಕವಲಿನ ಸುತ್ತಲೇ ನಡೆದಿದೆ. ಪಿಎಚ್‌ಡಿಗಾಗಿ ಸೋಬಾನೆ ಪದ ಹೇಳುವ ಹೆಂಗಸರನ್ನು ಹುಡುಕಿಕೊಂಡು ಹೋಗುವುದು, ಜಗಲಿಯಲ್ಲಿ ಕೂತು ರೆಕಾರ್ಡ್ ಮಾಡಿಕೊಳ್ಳುವುದು, ಸಂಜೆಯ ರೈಲಿಗೆ ವಾಪಸು ಬರುವುದು.

ಒಂದು ದಿನ ಪಕ್ಕದಲ್ಲಿ ಕೂತಿದ್ದ ಡಿಗ್ರಿ ಹುಡುಗಿ ತನ್ನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕೈಗಿತ್ತಳು. ಗಿಟಾರು, ಡ್ರಮ್ಸು, ಪಿಟೀಲು, ಅವುಗಳ ನಡುವೆ ಶಿಶುನಾಳ ಷರೀಫರ ಒಂದು ಪದ. "ಯಾರ ಹಾಡು ಹೇಳಿ ಅಕ್ಕಾ" ಎಂದಳು. ಷರೀಫರದು ಎಂದೆ. "ಅಲ್ಲ ಅಕ್ಕಾ, ರಘು ದೀಕ್ಷಿತ್‌ದು" ಎಂದು ನಕ್ಕಳು. ಆಮೇಲೆ ತಾನೇ ತಡೆದು, "ಎರಡೂ ಸರಿ ಇರಬಹುದು ಅಲ್ವಾ?" ಎಂದಳು. ಅಜ್ಜಂಪುರ ಬಂತು, ಇಳಿದೆ. ಆ ಪ್ರಶ್ನೆ ಮಾತ್ರ ನನ್ನ ಜೊತೆಗೇ ಇಳಿಯಿತು.

ಎರಡೂ ಸರಿ ಎನ್ನುವುದು ಸುಲಭ. ಆದರೆ ಒಂದು ಹಾಡು ಇಬ್ಬರದಾಗುವುದು ಹೇಗೆ? ಹಾಗಾದಾಗ ಯಾರು ಮನೆಯವರು, ಯಾರು ಬಂದುಹೋಗುವವರು?

ಹೊಸ ಆಲ್ಬಮ್ ಬಂತೆಂದರೆ ನಾನು ಹಾಡು ಕೇಳುವ ಮೊದಲು ಹೆಸರು ಓದುತ್ತೇನೆ. ಇದು ಕ್ಯಾಸೆಟ್ ಕಾಲದ ಚಾಳಿ. ಅಪ್ಪನ ಬಳಿ ಸಿ. ಅಶ್ವಥ್ ಅವರ ಕ್ಯಾಸೆಟ್ಟುಗಳಿದ್ದವು. ಒಳಗೆ ಮಡಿಸಿಟ್ಟ ಸಣ್ಣ ಹಾಳೆಯಲ್ಲಿ ತಬಲಾ ಯಾರು, ಕೊಳಲು ಯಾರು ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಈಗ ಫೋನಿನ ಪರದೆಯಲ್ಲಿ ಬ್ಯಾಂಡಿನ ಹೆಸರು ದೊಡ್ಡದಾಗಿ ಬರುತ್ತದೆ. ಅದೃಷ್ಟವಿದ್ದರೆ ಪಕ್ಕದಲ್ಲಿ 'ಫೀಚರಿಂಗ್' ಎಂದು ಇನ್ನೊಂದು ಹೆಸರು. ಅವರೇ ಅತಿಥಿ ಕಲಾವಿದರು. ಉಳಿದವರನ್ನು ನೋಡಬೇಕೆಂದರೆ ಮೂರು ಚುಕ್ಕಿ ಒತ್ತಿ ಹುಡುಕಬೇಕು. ಅಲ್ಲಿಯೂ ಎಷ್ಟೋ ಸಲ ಒಂದೇ ಪದ: 'ಸಾಂಪ್ರದಾಯಿಕ'.

ಕನ್ನಡದ ಜನಪ್ರಿಯ ಬ್ಯಾಂಡುಗಳ ಮಾತು ಬಂದರೆ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಹೆಸರನ್ನು ಬಿಡುವಂತಿಲ್ಲ. 2008ರಲ್ಲಿ ಬಂದ ಅವರ ಮೊದಲ ಆಲ್ಬಮ್‌ನಲ್ಲೂ 2013ರ 'ಜಗ್ ಚಂಗಾ'ದಲ್ಲೂ ಷರೀಫರ ಪದಗಳಿವೆ. ಹೆಸರಿನಲ್ಲಿ 'ಪ್ರಾಜೆಕ್ಟ್' ಎಂಬ ಮಾತು ಇರುವುದಕ್ಕೂ ಅರ್ಥವಿದೆ. ಬೇರೆ ಬೇರೆ ಸಂಗೀತದ ಕಲಾವಿದರು ಬಂದು ಕೂಡಿ ನುಡಿಸಿ ಹೋಗುವ, ಬಾಗಿಲು ತೆರೆದಿಟ್ಟ ಮನೆ ಎಂಬುದು ಅದರ ಹಿಂದಿನ ಕಲ್ಪನೆ. ಅತಿಥಿಗಳಿಗೆಂದೇ ಕಟ್ಟಿದ ಮನೆ. ನನ್ನ ತಲೆಮಾರಿನ ಎಷ್ಟೋ ಜನ ಷರೀಫರನ್ನು ಮೊದಲು ಕೇಳಿದ್ದು ಪಠ್ಯಪುಸ್ತಕದಲ್ಲಲ್ಲ, ಇಂಥ ಮನೆಯ ಜಗಲಿಯಲ್ಲಿ. ಅದಕ್ಕೂ ಮುಂಚಿನವರು ಕೇಳಿದ್ದು ಅಶ್ವಥ್ ಅವರ ದನಿಯಲ್ಲಿ, 1990ರ 'ಸಂತ ಶಿಶುನಾಳ ಷರೀಫ' ಚಿತ್ರದಲ್ಲಿ. ಷರೀಫರು ತೀರಿಕೊಂಡದ್ದು 1889ರಲ್ಲಿ. ನೂರಕ್ಕೂ ಹೆಚ್ಚು ವರ್ಷಗಳ ಕಾಲ ಬಾಯಿಂದ ಬಾಯಿಗೆ, ಏಕತಾರಿಯಿಂದ ಹಾರ್ಮೋನಿಯಮ್ಮಿಗೆ, ಅಲ್ಲಿಂದ ಎಲೆಕ್ಟ್ರಿಕ್ ಗಿಟಾರಿಗೆ ಹಾಡು ನಡೆದುಬಂದಿದೆ. ತೆಗೆದುಕೊಳ್ಳುವವರು ಇಲ್ಲದಿದ್ದರೆ ಹಾಡು ಉಳಿಯುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಷರೀಫರ ಪದಕ್ಕೆ ಒಂದು ರಕ್ಷೆ ಇದೆ. ಕೊನೆಯಲ್ಲಿ ಅಂಕಿತ ಬರುತ್ತದೆ. ಯಾರೇ ಹಾಡಲಿ, ಯಾವ ವಾದ್ಯವೇ ಇರಲಿ, ಶಿಶುನಾಳದ ಹೆಸರನ್ನು ಬಾಯಲ್ಲಿ ಹೇಳದೆ ಹಾಡು ಮುಗಿಸಲು ಆಗುವುದಿಲ್ಲ. ವಚನಕಾರರದೂ ಹರಿದಾಸರದೂ ಇದೇ ಏರ್ಪಾಡು. ಗಮನಿಸಬೇಕಾದ ಸಂಗತಿ ಎಂದರೆ ಅಂಕಿತದಲ್ಲಿ ಇರುವುದು ಕವಿಯ ಹೆಸರಲ್ಲ, ಅವನ ದೇವರದು, ಊರಿನದು. ನಮ್ಮಲ್ಲಿ ಹೆಸರು ಹಾಕುವುದೆಂದರೆ 'ಇದು ನನ್ನದು' ಎನ್ನುವುದಕ್ಕಿಂತ 'ಇದು ನನಗೆ ಅಲ್ಲಿಂದ ಬಂತು' ಎನ್ನುವುದಾಗಿತ್ತು. ಆದರೆ ಹೆಂಗಸರು ಹೇಳುವ ಸೋಬಾನೆ ಪದಕ್ಕೆ ಅಂಕಿತವಿಲ್ಲ. ಅರಿಶಿನ ಹಚ್ಚುವಾಗ, ಹಸೆಗೆ ಕರೆಯುವಾಗ, ಹೆಣ್ಣು ಒಪ್ಪಿಸಿಕೊಡುವಾಗ ಒಬ್ಬರು ಹೇಳುತ್ತಾರೆ, ಉಳಿದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಬೀಗಿಲ್ಲದ ಬಾಗಿಲು ಅದು. ಯಾರು ಬೇಕಾದರೂ ಒಳಗೆ ಹೋಗಿ ಬೇಕಾದ್ದನ್ನು ತೆಗೆದುಕೊಂಡು ಬರಬಹುದು.

ಹಾಗೆ ತೆಗೆದುಕೊಂಡವರು ಹಾಡಿದವಳನ್ನೇ ಒಂದು ದಿನ ಸ್ಟುಡಿಯೋಗೆ ಕರೆದು, ಎರಡು ಸಾಲು ಹೇಳಿಸಿ, 'ಅತಿಥಿ ಕಲಾವಿದೆ' ಎಂದು ಬರೆದರೆ? ಯಾರೂ ಕೇಡು ಬಯಸಿ ಹಾಗೆ ಮಾಡುವುದಿಲ್ಲ. ಗೌರವ ಕೊಡಬೇಕೆಂದೇ ಮಾಡಿರುತ್ತಾರೆ. ಆದರೂ ಅಲ್ಲಿ ಏನೋ ತಿರುವುಮುರುವಾಗಿದೆ. ಹಾಡು ಇದ್ದದ್ದು ಅವಳ ಮನೆಯಲ್ಲಿ, ಒಳಗೆ ಹೋದವರು ಇವರು. ದಾಖಲೆಯಲ್ಲಿ ಮಾತ್ರ ಮನೆಯವರು ಇವರು, ನೆಂಟಳು ಅವಳು.

ಇದು ನಮ್ಮಲ್ಲಷ್ಟೇ ಇರುವ ಕಥೆಯಲ್ಲ. ಬೀಟಲ್ಸ್ ಬ್ಯಾಂಡು 1966ರಲ್ಲಿ 'ರಿವಾಲ್ವರ್' ಆಲ್ಬಮ್ ತಂದಾಗ ಒಂದು ಹಾಡಿಗೆ ತಬಲಾ ನುಡಿಸಿದ ಅನಿಲ್ ಭಾಗವತ್ ಅವರ ಹೆಸರು ಹೊದಿಕೆಯ ಮೇಲೆ ಅಚ್ಚಾಯಿತು. ಮರುವರ್ಷ, 1967ರಲ್ಲಿ, 'ಸಾರ್ಜೆಂಟ್ ಪೆಪ್ಪರ್ಸ್' ಬಂತು. ಅದರಲ್ಲಿ ಜಾರ್ಜ್ ಹ್ಯಾರಿಸನ್ ಹಾಡಿದ, ಮುಖ್ಯವಾಗಿ ಭಾರತೀಯ ವಾದ್ಯಗಳ ಮೇಲೆ ನಿಂತ ಒಂದು ಹಾಡಿದೆ. ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್ ಮೂಲಕ ಬಂದ ಭಾರತೀಯ ಕಲಾವಿದರು ಅದಕ್ಕೆ ದಿಲ್‌ರುಬಾ, ತಬಲಾ, ತಂಬೂರಿ ನುಡಿಸಿದರು. ಆ ಆಲ್ಬಮ್ಮಿನ ಮುಖಪುಟ ಜಗತ್ಪ್ರಸಿದ್ಧ. 50ಕ್ಕೂ ಹೆಚ್ಚು ಮುಖಗಳು ಸಾಲಾಗಿ ನಿಂತಿವೆ, ಅವುಗಳಲ್ಲಿ ಪರಮಹಂಸ ಯೋಗಾನಂದರದೂ ಒಂದು. ನುಡಿಸಿದ ಭಾರತೀಯರ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಅವರು ಯಾರೆಂದು ಜಗತ್ತಿಗೆ ಸರಿಯಾಗಿ ತಿಳಿಯಲು ಐವತ್ತು ವರ್ಷ ಬೇಕಾಯಿತು. ಅದೇ ಬ್ಯಾಂಡು, ಒಂದೇ ವರ್ಷದ ಅಂತರ. ಮೊದಲನೆಯದರಲ್ಲಿ ಹೆಸರು ಇದೆ, ಎರಡನೆಯದರಲ್ಲಿ ಇಲ್ಲ. ಹೆಸರು ಬಿಟ್ಟುಹೋಗಲು ದುಷ್ಟತನ ಬೇಕಿಲ್ಲ, ಕೇಳಬೇಕು ಎಂದು ಯಾರಿಗೂ ಹೊಳೆಯದಿದ್ದರೆ ಸಾಕು ಎಂದು ನನಗೆ ಅನ್ನಿಸಿದ್ದು ಇದರಿಂದ.

ಕಾನೂನು ಏನು ಹೇಳುತ್ತದೆ ಎಂದು ನೋಡಿದೆ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆ 'ಪ್ರದರ್ಶಕ' ಎಂಬುದಕ್ಕೆ ಕೊಡುವ ಅರ್ಥ ಉದಾರವಾಗಿದೆ. ನಟ, ಗಾಯಕ, ವಾದಕರ ಜೊತೆ ದೊಂಬರಾಟದವರು, ಹಾವಾಡಿಗರೂ ಅದರಲ್ಲಿದ್ದಾರೆ. 2012ರ ತಿದ್ದುಪಡಿ, ಪ್ರದರ್ಶಕರನ್ನು ಅವರ ಹೆಸರಿನಿಂದ ಗುರುತಿಸಬೇಕು ಎಂಬ ನೈತಿಕ ಹಕ್ಕನ್ನೂ ಕೊಟ್ಟಿತು. ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಸೇರಿಸಿತು. ಸಿನಿಮಾದಲ್ಲಿ ಯಾರದಾದರೂ ಪ್ರದರ್ಶನ ಪ್ರಾಸಂಗಿಕವಾಗಿದ್ದು, ಅಂಥವರ ಹೆಸರು ಹಾಕುವ ರೂಢಿ ಉದ್ಯಮದಲ್ಲಿ ಇಲ್ಲದಿದ್ದರೆ, ಕೆಲವು ಉದ್ದೇಶಗಳಿಗೆ ಅವರನ್ನು ಪ್ರದರ್ಶಕರೆಂದು ಎಣಿಸಬೇಕಿಲ್ಲ. ಅಂದರೆ, ಹೆಸರು ಹಾಕುವ ರೂಢಿ ಇಲ್ಲ ಎಂಬುದೇ ಹೆಸರು ಹಾಕದಿರಲು ಕಾರಣವಾಗಬಹುದು. ಈ ವೃತ್ತವನ್ನು ಎಷ್ಟು ಸಲ ಓದಿದರೂ ನನಗೆ ಹೊರಬರುವ ದಾರಿ ಸಿಗಲಿಲ್ಲ.

ಹೆಸರು ಇದ್ದವರ ಬಲ ಎಷ್ಟೆಂದು 2022ರಲ್ಲಿ ಎಲ್ಲರೂ ಕಂಡೆವು. 'ಕಾಂತಾರ' ಚಿತ್ರದ 'ವರಾಹ ರೂಪಂ' ತಮ್ಮ 'ನವರಸಂ' ಹಾಡನ್ನು ಹೋಲುತ್ತದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡು ನ್ಯಾಯಾಲಯಕ್ಕೆ ಹೋಯಿತು. ತಾತ್ಕಾಲಿಕ ತಡೆ ಬಂತು. ನವೆಂಬರಿನಲ್ಲಿ ಚಿತ್ರ ಒಟಿಟಿಗೆ ಬಂದಾಗ ಆ ಜಾಗದಲ್ಲಿ ಬೇರೆ ರಾಗ ಕೇಳಿಸಿತು. ಚಿತ್ರತಂಡ ಆರೋಪವನ್ನು ಒಪ್ಪಲಿಲ್ಲ. ಯಾರು ಸರಿ ಎಂಬುದು ಇಲ್ಲಿ ನನ್ನ ಪ್ರಶ್ನೆಯಲ್ಲ. ಒಂದು ಬ್ಯಾಂಡಿಗೆ ಹೆಸರಿತ್ತು, ಆಲ್ಬಮ್ ಇತ್ತು, ದಿನಾಂಕವಿತ್ತು, ವಕೀಲರಿದ್ದರು. ಹಾಗಾಗಿ ಅದರ ಪ್ರಶ್ನೆ ನ್ಯಾಯಾಲಯದ ಕಿವಿಗೆ ಬಿತ್ತು. ಸೋಬಾನೆ ಪದ ಹೇಳುವ ಅಜ್ಜಿಯ ಬಳಿ ಇವುಗಳಲ್ಲಿ ಒಂದೂ ಇಲ್ಲ.

ಇಷ್ಟನ್ನೂ ಬ್ಯಾಂಡುಗಳ ಕಡೆ ಬೊಟ್ಟು ಮಾಡಿ ಬರೆದು ಮುಗಿಸಿಬಿಡಬಹುದಿತ್ತು. ಹಾಗೆ ಬರೆಯಬೇಕೆಂದೇ ಹೊರಟಿದ್ದೆ. ತಡೆದದ್ದು ಅಜ್ಜಂಪುರದ ಹತ್ತಿರದ ಒಂದು ಹಳ್ಳಿಯ ಅಜ್ಜಿ.

ಎಪ್ಪತ್ತು ದಾಟಿದ ಅವರಿಂದ ನಾನು 40ಕ್ಕೂ ಹೆಚ್ಚು ಪದ ಬರೆದುಕೊಂಡಿದ್ದೇನೆ. ಪ್ರಬಂಧದ ಒಂದು ಅಧ್ಯಾಯ ಟೈಪ್ ಆದಾಗ ಸಂತೋಷದಿಂದ ತೆಗೆದುಕೊಂಡು ಹೋಗಿ ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ. ಹೈಸ್ಕೂಲಿನ ಮೊಮ್ಮಗ ಓದಿ ಹೇಳಿದ. ತಮ್ಮ ಪದಗಳು ಅಚ್ಚಿನಲ್ಲಿ ಬಂದದ್ದು ಕೇಳಿ ಅಜ್ಜಿ ತಲೆದೂಗಿದರು. ಆಮೇಲೆ ಕೇಳಿದರು: "ನನ್ನೆಸ್ರು ಎಲ್ಲೈತವ್ವಾ?"

ಅವರ ಹೆಸರು ಇರಲಿಲ್ಲ. ಇದ್ದದ್ದು 'ವಕ್ತೃ ಸಂಖ್ಯೆ 9, ಹೆಣ್ಣು, ಅಜ್ಜಂಪುರ ತಾಲ್ಲೂಕು.'

ನನ್ನ ಬಳಿ ಉತ್ತರವಿತ್ತು. ಸಂಶೋಧನೆಯಲ್ಲಿ ಮಾಹಿತಿ ಕೊಟ್ಟವರ ಗುರುತು ಬಚ್ಚಿಡುವುದು ಅವರ ರಕ್ಷಣೆಗಾಗಿ. ಒಪ್ಪಿಗೆ ಪತ್ರದಲ್ಲೇ ಹಾಗೆಂದು ಅಚ್ಚಾಗಿತ್ತು, ಅವರು ಹೆಬ್ಬೆಟ್ಟು ಒತ್ತಿದ್ದರು. ನಾನು ಇದನ್ನು ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ನಾನೇನು ಕಳ್ತನ ಮಾಡೀನಾ, ಹೆಸ್ರು ಮುಚ್ಚಿಡಾಕೆ?" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ.

ಆ ಮನೆಯಲ್ಲಿ ಎಷ್ಟು ಸಲ ರಾಗಿಮುದ್ದೆ, ಹುರುಳಿಸಾರು ಉಂಡಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಅತಿಥಿ ನಾನು. ನನ್ನ ಪ್ರಬಂಧದ ರಟ್ಟಿನ ಮೇಲೆ ಇರುವುದು ನನ್ನ ಹೆಸರು, ಒಳಗೆ ಅಂಕಿಯಾಗಿ ಬಂದುಹೋಗುವವರು ಅವರು. ಬ್ಯಾಂಡಿನವರು 'ಅತಿಥಿ ಕಲಾವಿದೆ' ಎಂದಾದರೂ ಬರೆಯುತ್ತಾರೆ. ನಾನು ಅಷ್ಟನ್ನೂ ಬರೆದಿರಲಿಲ್ಲ.

ವಾಪಸು ಬರುವಾಗ ಅಜ್ಜಂಪುರ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಈ ಊರಿನವರೇ ಆದ ಅಜ್ಜಂಪುರ ಸೀತಾರಾಂ ಅವರನ್ನು ನೆನೆದೆ. 'ಆನಂದ' ಹೆಸರಿನಲ್ಲಿ ಬರೆದ ಅವರ 'ನಾನು ಕೊಂದ ಹುಡುಗಿ' ಕಥೆ ಎಂಎ ತರಗತಿಯಲ್ಲಿ ನಮಗೆ ಪಠ್ಯವಾಗಿತ್ತು. ಓದು ಬಲ್ಲ ಹೊರಗಿನವನೊಬ್ಬ ಹಳ್ಳಿಯ ಮನೆಗೆ ಅತಿಥಿಯಾಗಿ ಬರುತ್ತಾನೆ. ಅವನದು ಒಳ್ಳೆಯ ಉದ್ದೇಶ, ಒಳ್ಳೆಯ ಮಾತು. ಅದರಿಂದಲೇ ಆ ಮನೆಯ ಹುಡುಗಿ ಸಾಯುತ್ತಾಳೆ. ತರಗತಿಯಲ್ಲಿ ನಾವು ಅದನ್ನು ದೇವದಾಸಿ ಪದ್ಧತಿಯ ಕಥೆ ಎಂದು ಚರ್ಚಿಸಿದ್ದೆವು. ಆ ಬೆಂಚಿನ ಮೇಲೆ ಅದು ಅತಿಥಿಯ ಕಥೆಯಾಗಿ ಕಂಡಿತು. ತನಗೆ ಸರಿ ಎಂದು ತೋರಿದ್ದನ್ನು, ಆ ಮನೆಯವರ ಲೋಕ ಏನೆಂದು ಕೇಳದೆ, ಒಳ್ಳೆಯದಕ್ಕೆಂದೇ ಮಾಡಿಬಿಡುವವನ ಕಥೆ. ನನ್ನಿಂದ ಯಾರೂ ಸತ್ತಿಲ್ಲ. ಒಂದು ಹೆಸರು ಅಳಿಸಿಹೋಗಿತ್ತು, ಅಷ್ಟೇ. ಆದರೆ ಅಳಿಸಿದ ಕೈಯಲ್ಲಿ ಇದ್ದದ್ದು ಅಂಥದೇ ಒಳ್ಳೆಯ ಉದ್ದೇಶ.

ಜನಪದ ಎಂದರೆ ಎಲ್ಲರದು, ಒಬ್ಬರ ಹೆಸರು ಹಾಕುವುದೇ ತಪ್ಪು ಎಂಬ ವಾದವೊಂದಿದೆ. ನಮ್ಮ ವಿಭಾಗದ ಹಿರಿಯರೊಬ್ಬರು ನನಗೆ ಹೇಳಿದ್ದೂ ಅದನ್ನೇ: "ಅಜ್ಜಿ ಹೆಸರು ಹಾಕಿದರೆ ಆ ಪದ ಅಜ್ಜಿಯದೇ ಆಗಿಬಿಡುತ್ತೆ. ಪಕ್ಕದೂರಿನ ಇನ್ನೊಬ್ಬ ಅಜ್ಜಿಗೆ ಅನ್ಯಾಯ ಅಲ್ಲವೇನಮ್ಮಾ?" ಈ ಮಾತನ್ನು ತಳ್ಳಿಹಾಕುವಂತಿಲ್ಲ. ಪದಕ್ಕೆ ಒಡೆಯರಿಲ್ಲ ಎಂಬುದು ನಿಜ. ಒಡೆತನದ ಆಸೆಯಿಂದ ಹೆಸರು ಬರೆದರೆ ನಾಳೆ ಹಾಡಿಗೂ ಬೇಲಿ ಬೀಳುತ್ತದೆ, ಮದುವೆ ಮನೆಯಲ್ಲಿ ಪದ ಹೇಳಲು ಅಪ್ಪಣೆ ಕೇಳಬೇಕಾಗುತ್ತದೆ.

ಇದಕ್ಕೆ ಉತ್ತರ ಸಿಕ್ಕಿದ್ದು ಒಂದು ಮದುವೆಯಲ್ಲಿ. ಚಪ್ಪರದ ಕೆಳಗೆ ಒಬ್ಬರು ಪುಸ್ತಕ ಹಿಡಿದು ಮುಯ್ಯಿ ಬರೆಯುತ್ತಿದ್ದರು. ಇಂಥ ಊರಿನ ಇಂಥವರು, ಇಷ್ಟು ರೂಪಾಯಿ. ಕೊಟ್ಟವರ ಹೆಸರು ಬರೆದ ಮಾತ್ರಕ್ಕೆ ಮದುವೆ ಅವರದಾಗುವುದಿಲ್ಲ, ಹಣವೂ ಅವರದಾಗಿ ಉಳಿಯುವುದಿಲ್ಲ. ಹೆಸರು ಬರೆಯುವುದು ನಾವು ಮರೆಯಬಾರದು ಎಂದು. ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ಪುಸ್ತಕ ತೆರೆದು ನೋಡಿ, ಅಷ್ಟಕ್ಕೆ ಒಂದಿಷ್ಟು ಸೇರಿಸಿ ಕೊಟ್ಟು ಬರುತ್ತೇವೆ. ಹಾಡಿಗೆ ಬರೆಯುವ ಹೆಸರು ಹೊಲದ ಪಹಣಿಯಂತೆ ಎಂದುಕೊಂಡು ನಾವು ಹೆದರುತ್ತಿದ್ದೇವೆ. ಅದು ಮುಯ್ಯಿ ಪುಸ್ತಕದಂತೆ ಇರಬಹುದು. ಪಹಣಿ ಯಾರದು ಎಂದು ಹೇಳುತ್ತದೆ, ಮುಯ್ಯಿ ಪುಸ್ತಕ ಯಾರಿಂದ ಬಂತು ಎಂದು ಹೇಳುತ್ತದೆ. 'ಸಾಂಪ್ರದಾಯಿಕ' ಎಂದಷ್ಟೇ ಬರೆದ ಆಲ್ಬಮ್ಮು, 'ವಕ್ತೃ 9' ಎಂದಷ್ಟೇ ಬರೆದ ಪ್ರಬಂಧ, ಇವೆರಡೂ ಉಂಡು ಮುಯ್ಯಿ ಪುಸ್ತಕ ಹರಿದುಹಾಕಿದ ಹಾಗೆ.

ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೂ ಒಂದು ದಿನ ಹೋಗಿದ್ದೆ. 1196ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ ಅಲ್ಲಿ. ಕಟ್ಟಿಸಿದ ದಂಡನಾಯಕನ ಹೆಸರು ದೇವರಿಗೇ ಅಂಟಿಕೊಂಡಿದೆ. ಶಾಸನದ ಕವಿ ಜನ್ನ. ಜೊತೆಗೆ ಮಂಟಪದ ಒಳಮಾಳಿಗೆಯ ಕೆತ್ತನೆಯಲ್ಲಿ ಕೈಯಾಡಿಸಿದ ರೂವಾರಿ ಮಲ್ಲಿತಮ್ಮನ ಹೆಸರೂ ನಮಗೆ ಗೊತ್ತು. ಅವನ ವೃತ್ತಿ ಮೊದಲಾದದ್ದು ಇಲ್ಲೇ ಎನ್ನುತ್ತಾರೆ. ಮುಂದೆ ಸೋಮನಾಥಪುರದ ಶಿಲ್ಪಗಳ ಕೆಳಗೂ ಆ ಹೆಸರಿದೆ. ಹೊಯ್ಸಳರ ಕಾಲದ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಕೆತ್ತುತ್ತಿದ್ದರು. ಹೆಸರು ಕೆತ್ತಿದ್ದರಿಂದ ದೇವರು ಮಲ್ಲಿತಮ್ಮನ ಸ್ವತ್ತಾಗಲಿಲ್ಲ, ದೇವಾಲಯ ಎಲ್ಲರದಾಗಿಯೇ ಉಳಿಯಿತು. ಎಂಟುನೂರು ವರ್ಷಗಳ ಹಿಂದೆ ಕಲ್ಲಿನಲ್ಲಿ ಜಾಗ ಸಿಕ್ಕ ಹೆಸರಿಗೆ ಈಗ ಪರದೆಯ ಮೇಲೆ ಜಾಗವಿಲ್ಲ ಎಂದರೆ ನಂಬುವುದು ಕಷ್ಟ.

ಮತ್ತೆ ಅಜ್ಜಿಯ ಬಳಿ ಹೋದೆ. ಎಲ್ಲ ಪದಕ್ಕೂ ನಿಮ್ಮ ಹೆಸರು ಹಾಕುತ್ತೇನೆ ಎಂದೆ. ಅವರು ಖುಷಿಪಡುತ್ತಾರೆ ಎಂದುಕೊಂಡಿದ್ದೆ. "ಎಲ್ಲಾದಕ್ಕೂ ನನ್ದು ಯಾಕವ್ವಾ?" ಎಂದರು. ಹಸೆಯ ಪದಗಳು ಅವರ ಅತ್ತೆ ಕಲಿಸಿದ್ದು, ಅತ್ತೆಗೆ ಹೊಸದುರ್ಗದ ಕಡೆಯಿಂದ ಬಂದ ಒಬ್ಬ ಸೊಸೆ ಕಲಿಸಿದ್ದು. ಎರಡು ಪದ ಕಳೆ ಕೀಳುವಾಗ ಜೊತೆಯಾಳಿನಿಂದ ಕಲಿತದ್ದು. ಆಕೆ ಈಗ ಇಲ್ಲ, "ಅವಳ ಹೆಸ್ರು ಮರೀದಂಗೆ ಬರ್ಕೋ" ಎಂದರು. ಒಂದಕ್ಕೆ ಮಾತ್ರ ತಮ್ಮ ಹೆಸರು ಬೇಡವೇ ಬೇಡ ಎಂದರು. ಅದು ಬೀಗರನ್ನು ಹಂಗಿಸುವ ಪದ. ಅದರಲ್ಲಿ ಗಂಡಿನ ಕಡೆಯ ಒಬ್ಬಾಕೆಯ ಜಿಪುಣತನವನ್ನು ಅಜ್ಜಿ ತಾವೇ ಎರಡು ಸಾಲು ಕಟ್ಟಿ ಸೇರಿಸಿದ್ದರಂತೆ. "ಆಯಮ್ಮ ಇನ್ನೂ ಬದುಕವ್ಳೆ ಕಣವ್ವಾ, ಗೊತ್ತಾದ್ರೆ ನಂಟಸ್ತನ ಕೆಡ್ತೈತೆ." ಎಂಥ ವಿಚಿತ್ರ ನೋಡಿ. ಅಷ್ಟೂ ಪದಗಳಲ್ಲಿ ಅವರು ನಿಜವಾಗಿ ರಚಿಸಿದ್ದು ಆ ಎರಡು ಸಾಲು ಮಾತ್ರ, ಅದಕ್ಕೇ ಹೆಸರು ಬೇಡ. ತಾವು ರಚಿಸದೆ ಕಾಪಾಡಿಕೊಂಡು ಬಂದದ್ದಕ್ಕೆ ಹೆಸರು ಬೇಕು, ಅದೂ ತಮ್ಮೊಬ್ಬರದಲ್ಲ.

ಕರ್ತೃತ್ವದ ಬಗ್ಗೆ ನಾನು ಓದಿದ್ದೆಲ್ಲ ಆ ಜಗಲಿಯ ಮೇಲೆ ತಲೆಕೆಳಗಾಯಿತು. ಎಲ್ಲರ ಹೆಸರೂ ಎಲ್ಲ ಕಡೆಯೂ ಹಾಕಿ ಎಂಬ ನಿಯಮವೂ ಸರಿಯಲ್ಲ, ಎಲ್ಲರದನ್ನೂ ಮುಚ್ಚಿಡಿ ಎಂಬ ನಿಯಮವೂ ಸರಿಯಲ್ಲ. ಪ್ರತಿ ಪದಕ್ಕೂ ಬೇರೆ ಬೇರೆಯಾಗಿ ಕೇಳಬೇಕು, ಹೇಳಿದ್ದನ್ನು ಹಾಗೆಯೇ ಬರೆಯಬೇಕು. ಕೇಳುವುದಕ್ಕೆ ಸಮಯ ಹಿಡಿಯುತ್ತದೆ. ಆಲ್ಬಮ್ಮಿಗೆ ಬಿಡುಗಡೆಯ ದಿನಾಂಕವಿದೆ, ಪ್ರಬಂಧಕ್ಕೆ ಸಲ್ಲಿಕೆಯ ದಿನಾಂಕವಿದೆ. ಹೆಸರುಗಳು ಬಿದ್ದುಹೋಗುವುದು ಹೆಚ್ಚಾಗಿ ಈ ಆತುರದಲ್ಲೇ.

ಈಗ ನಾನು 23 ಹೆಂಗಸರ ಬಳಿ ಎರಡನೇ ಸಲ ಹೋಗಬೇಕಾಗಿದೆ. ಒಪ್ಪಿಗೆ ಪತ್ರ ಹೊಸದಾಗಿ ಆಗಬೇಕು, ಸಮಿತಿ ಒಪ್ಪಬೇಕು. ಫೆಲೋಶಿಪ್ಪು ಮುಗಿಯಲು ಕೆಲವೇ ತಿಂಗಳಿದೆ. ಮಾರ್ಗದರ್ಶಕರು ಬೇಡ ಎಂದಿಲ್ಲ, ಸಮಯ ನೋಡಿಕೋ ಎಂದಿದ್ದಾರೆ. ಆ 23 ಜನರಲ್ಲಿ ಇಬ್ಬರು ಈ ನಡುವೆ ತೀರಿಕೊಂಡಿದ್ದಾರೆ. ಅವರ ಪದಗಳ ಮುಂದೆ ಏನು ಬರೆಯಲಿ ಎಂದು ಯಾರನ್ನು ಕೇಳುವುದೋ ತಿಳಿಯದು. ಒಬ್ಬರ ಮಗಳು ಕಡೂರಿನಲ್ಲಿ ಇದ್ದಾರೆ, ಅವರನ್ನು ಕೇಳಬಹುದು. ಇನ್ನೊಬ್ಬರಿಗೆ ಯಾರೂ ಇರಲಿಲ್ಲ.

ಅಜ್ಜಿಯ ಹೆಸರನ್ನು ಇಲ್ಲಿ ಬರೆದಿಲ್ಲ ಎಂದು ನೀವು ಗಮನಿಸಿರಬಹುದು. ಪ್ರಬಂಧದಲ್ಲಿ ಹಾಕಲು ಒಪ್ಪಿದ್ದಾರೆ. ಈ ಬರಹದ ವಿಷಯ ಅವರಿಗೆ ಇನ್ನೂ ಗೊತ್ತಿಲ್ಲ. ಮುಂದಿನ ವಾರ ಅಜ್ಜಂಪುರಕ್ಕೆ ಹೋದಾಗ ಮೊಮ್ಮಗನ ಕೈಯಲ್ಲಿ ಓದಿಸಿ ಕೇಳುತ್ತೇನೆ. ಬೀಗರ ಪದದ ಸಂಗತಿ ಬರೆದದ್ದಕ್ಕೆ ಬೈಸಿಕೊಳ್ಳಲೂ ತಯಾರಾಗಿದ್ದೇನೆ.